ಒಂದು ವರ್ಷ ಮೈಕ್ರೋಬಿಟ್ ಇಟ್ಟುಕೊಂಡು ಪಾಠ ಮಾಡಿದ ಮೇಲೆ

ಪ್ರೌಢಶಾಲೆ ಮಕ್ಕಳಿಗೆ ಕಂಪ್ಯೂಟಿಂಗ್ ಪಠ್ಯಕ್ರಮ ಬರೆಯುವ ಕೆಲಸ ನಮ್ಮ ನಾಲ್ಕು ಜನರ ತಲೆಗೆ ಬಿತ್ತು. ಮೊದಲ ದಿನವೇ ಒಬ್ಬರು ಮೇಜಿನ ಮೇಲೆ ಮೈಕ್ರೋಬಿಟ್ ತಂದಿಟ್ಟರು. ನಾವು ಬರೆದ ಪ್ರೋಗ್ರಾಂ ಓಡಿಸುವ, ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು ಕಂಪ್ಯೂಟರ್ ಬೋರ್ಡು. ಮೇಲೆ 25 ಪುಟ್ಟ ಎಲ್‌ಇಡಿ, ಎರಡು ಗುಂಡಿ, ಅಲುಗಾಡಿಸಿದರೆ ಗೊತ್ತಾಗುವ ಸೆನ್ಸರ್, ಒಂದು ದಿಕ್ಸೂಚಿ. 2016ರಲ್ಲಿ ಬಿಬಿಸಿ ಬ್ರಿಟನ್ನಿನ ಸುಮಾರು 10 ಲಕ್ಷ ಮಕ್ಕಳಿಗೆ ಪುಕ್ಕಟೆ ಹಂಚಿದ್ದು ಇದನ್ನೇ. 2020ರ ಎರಡನೇ ಆವೃತ್ತಿಯಲ್ಲಿ ಸ್ಪೀಕರ್, ಮೈಕ್ ಸೇರಿಕೊಂಡವು. ನಾವು ಕೊಂಡಿದ್ದು ಅದು.

ಇದು ಯಾಕೆ ಇಷ್ಟವಾಯಿತು ಅಂದರೆ, ಮಕ್ಕಳು ಮಾಡುವ ತಪ್ಪು ಕೈಯಲ್ಲೇ ಕಾಣುತ್ತದೆ. ಮೇಕ್‌ಕೋಡ್ ಅನ್ನುವ ವೆಬ್‌ಸೈಟಿನಲ್ಲಿ ಬ್ಲಾಕ್ ಅನ್ನುವ ಆದೇಶದ ತುಂಡುಗಳನ್ನು ಜೋಡಿಸಿ ಹೆಜ್ಜೆ ಎಣಿಸುವ ಪ್ರೋಗ್ರಾಂ ಮಾಡಿಸಿದೆವು. ಒಬ್ಬ ಹುಡುಗಿ ಬೋರ್ಡನ್ನು ಕಾಲಿಗೆ ಕಟ್ಟಿಕೊಂಡು ಕೋಣೆ ತುಂಬ ಓಡಾಡಿದಳು, ಪರದೆ ಮೇಲೆ ಮಾತ್ರ 1, ಮತ್ತೆ 1, ಮತ್ತೆ 1. ಕೌಂಟರನ್ನು ಸೊನ್ನೆ ಮಾಡುವ ಬ್ಲಾಕನ್ನು ಅವಳು 'ಶುರುವಿನಲ್ಲಿ' ಇಡದೆ 'ಅಲುಗಾಡಿದಾಗ' ಒಳಗೆ ಇಟ್ಟಿದ್ದಳು. ಪ್ರತಿ ಹೆಜ್ಜೆಗೂ ಮೊದಲು ಸೊನ್ನೆ, ಆಮೇಲೆ ಒಂದು ಕೂಡಿಸು. ಲೆಕ್ಕ ಇಟ್ಟುಕೊಳ್ಳುವ ಇಂಥ ವೇರಿಯಬಲ್ಲಿಗೆ ಮೊದಲ ಬೆಲೆ ಎಲ್ಲಿ ಕೊಡಬೇಕು ಅಂತ ಕರಿಹಲಗೆಯ ಮುಂದೆ ನಿಂತು ಎಷ್ಟು ಹೇಳಿದರೂ ಆಗದ್ದು ಎರಡು ನಿಮಿಷದಲ್ಲಿ ಆಯಿತು. ಸರಿಮಾಡಿ 40 ಹೆಜ್ಜೆ ಎಣಿಸಿದಳು, ಬ್ಯಾಟರಿ ತೆಗೆದು ಹಾಕಿದಳು, ಲೆಕ್ಕ ಹೋಯಿತು! ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ಮೆಮೊರಿ ಬೇರೆ, ಹೋದರೂ ಉಳಿಸಿಕೊಳ್ಳುವ ಸ್ಟೋರೇಜ್ ಬೇರೆ ಅನ್ನುವ ಪಾಠಕ್ಕೆ ಇನ್ನೊಂದು ಉದಾಹರಣೆ ಹುಡುಕಬೇಕಾಗಲಿಲ್ಲ.

ರೇಡಿಯೊ ಕೂಡ ಹಾಗೆ. 0ರಿಂದ 255ರವರೆಗಿನ ಒಂದು ಗುಂಪು ಸಂಖ್ಯೆ ಆರಿಸಿಕೊಂಡರೆ ಬೋರ್ಡುಗಳು ಒಂದಕ್ಕೊಂದು ಸಂದೇಶ ಕಳಿಸುತ್ತವೆ. ಹಿಂದಿನ ಬೆಂಚಿನವರು ಸುಮ್ನೆ ಸಂಖ್ಯೆ ಬದಲಿಸುತ್ತಾ ಹೋಗಿ ಮುಂದಿನವರ ಗುಟ್ಟೆಲ್ಲ ಓದಿದರು. ಸಂದೇಶಕ್ಕೆ ಬೀಗವೇ ಇರಲಿಲ್ಲ, ಯಾರಾದರೂ ಓದಬಹುದಿತ್ತು. ಆ ಬೀಗ, ಅಂದರೆ ಎನ್‌ಕ್ರಿಪ್ಷನ್, ಯಾಕೆ ಬೇಕು ಅಂತ ಆ ದಿನ ಯಾರೂ ಕೇಳಲಿಲ್ಲ.

ಆದರೆ ನಾವೊಂದು ದಡ್ಡತನ ಮಾಡಿದೆವು. ಮೊದಲ ಕರಡಿನಲ್ಲಿ ಇಡೀ ವರ್ಷದ ಪಾಠಗಳಿಗೆ 'ದಿಕ್ಸೂಚಿ', 'ಥರ್ಮಾಮೀಟರ್', 'ದಾಳದ ಆಟ' ಅಂತ ಹೆಸರಿಟ್ಟೆವು. ಆಟಗಳೇನೋ ಚೆನ್ನಾಗಿದ್ದವು, ಮಕ್ಕಳು ಒಂದಾದ ಮೇಲೊಂದು ಮಾಡಿದರು, ಆದರೆ ವರ್ಷದ ಕೊನೆಗೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪ್ ಯಾವಾಗ ಬೇಕು ಅಂದರೆ ಅರ್ಧ ತರಗತಿ ತಲೆ ಕೆರೆದುಕೊಂಡಿತು. ಈಗಿನ ಕರಡಿನಲ್ಲಿ ಎಡಗಡೆ ಸಾಲಿನಲ್ಲಿ ಪರಿಕಲ್ಪನೆ, ಬಲಗಡೆ ಅದಕ್ಕೆ ಬೇಕಾದ ಉಪಕರಣ. ಹಾಗೆ ಬರೆದಾಗ ಮೈಕ್ರೋಬಿಟ್ಟಿಗೆ ಸಿಕ್ಕಿದ್ದು ಹತ್ತು ವಾರ ಅಷ್ಟೇ. ಪಟ್ಟಿ ವಿಂಗಡಿಸುವುದು, ಫೈಲ್ ಓದುವುದು, ದೊಡ್ಡ ಡೇಟಾದಲ್ಲಿ ಹುಡುಕುವುದು, ಇವಕ್ಕೆಲ್ಲ ಕಂಪ್ಯೂಟರಿನಲ್ಲೇ ಪೈಥಾನ್ ಭಾಷೆಯಲ್ಲಿ ಬರೆಯುವುದು ವಾಸಿ. 25 ದೀಪದಲ್ಲಿ ಒಂದು ವಾಕ್ಯ ಓದುವಷ್ಟರಲ್ಲೇ ತಾಳ್ಮೆ ಮುಗಿಯುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಕೆಲವು ಯುಎಸ್‌ಬಿ ಕೇಬಲ್ ಬರೀ ಚಾರ್ಜ್ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ. ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಬೋರ್ಡು ಕಾಣುವುದಿಲ್ಲ. ಇದು ಗೊತ್ತಾಗುವಷ್ಟರಲ್ಲಿ ನಮ್ಮ ಒಂದು ಇಡೀ ಪಿರಿಯಡ್ ಹೋಗಿತ್ತು. ಇನ್ನು, ತಲೆಗೊಂದು ಬೋರ್ಡು ಬೇಡ. ಮೇಕ್‌ಕೋಡ್‌ನಲ್ಲಿ ಸಿಮ್ಯುಲೇಟರ್, ಅಂದರೆ ಪರದೆ ಮೇಲೆ ಬೋರ್ಡಿನ ನಕಲು ಇದೆ, ಮೊದಲು ಅಲ್ಲೇ ಓಡಿಸಿ ನೋಡಬಹುದು. ಇಬ್ಬರಿಗೊಂದು ಕೊಟ್ಟರೆ ಒಬ್ಬರು ಬ್ಲಾಕ್ ಜೋಡಿಸುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾರೆ, ಜಗಳವೂ ಆಡುತ್ತಾರೆ ಅನ್ನಿ.