ಹಲಸಿನ ಕಪಾಟಿಗೆ ಚಾಕ್ ಪೇಂಟ್: ಬಣ್ಣ ಮತ್ತು ಫಿನಿಶ್

ಉಡುಪಿಯ ನಮ್ಮ ಮನೆಯ ಹಳೆಯ ಹಲಸಿನ ಮರದ ಕಪಾಟಿಗೆ ಬಳಿದ ಚಾಕ್ ಪೇಂಟ್ ಹೊಳಪಿಲ್ಲದ, ಸುಣ್ಣ ಬಳಿದ ಗೋಡೆಯಂತಹ ಮೃದುವಾದ ಮೇಲ್ಮೈಯನ್ನು ಕೊಟ್ಟಿದ್ದು, ಅದು ನನಗೆ ತುಂಬ ಮೆಚ್ಚುಗೆಯಾಗಿದೆ. ಇಂಗ್ಲೆಂಡಿನ ಆನಿ ಸ್ಲೋನ್ 1990ರಲ್ಲಿ ರೂಪಿಸಿದ ಈ ಬಗೆಯ ಬಣ್ಣಕ್ಕೆ ಸಾಮಾನ್ಯವಾಗಿ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಲೇಪ) ಬೇಕಾಗುವುದಿಲ್ಲ. ಆದರೆ ಹಲಸಿನ ಮರದ ತಿರುಳಿನಲ್ಲಿರುವ ಹಳದಿ, ತಿಳಿಬಣ್ಣಗಳ ಮೂಲಕ ಮೇಲೆದ್ದು ಬರುವ ಸಾಧ್ಯತೆ ಇರುವುದರಿಂದ, ಮೊದಲು ಶೆಲ್ಯಾಕ್ (ಅರಗಿನ ಮೆರುಗು) ಹಚ್ಚುವುದು ಒಳ್ಳೆಯದು.

ಬಣ್ಣದ ಆಯ್ಕೆಯನ್ನು ನೆಲವೇ ನಿರ್ಧರಿಸಬೇಕೆಂಬುದು ನನ್ನ ಅಭಿಪ್ರಾಯ. ಕೆಂಪು ಕಾವಿ ನೆಲದ ಮೇಲೆ ಅಚ್ಚ ಬಿಳಿ ಕಣ್ಣಿಗೆ ಚುಚ್ಚುತ್ತದೆ, ಬೂದು ಬೆರೆತ ಹಸಿರು ಚೆನ್ನಾಗಿ ಒಪ್ಪುತ್ತದೆ. ಅಂಗಡಿಯ ದೀಪದಡಿ ನೋಡಿ ತೀರ್ಮಾನಿಸದೆ, ಕಪಾಟಿನ ಹಿಂಬದಿಗೆ ಸ್ವಲ್ಪ ಬಳಿದು, ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿ ನೋಡಬೇಕು.

ಫಿನಿಶ್‌ಗೆ ವ್ಯಾಕ್ಸ್ ಬಲು ಚೆಂದ. ಮೊದಲು ಬಣ್ಣವಿಲ್ಲದ ವ್ಯಾಕ್ಸ್ ಸವರಿ, ಬಳಿಕ ಕೆತ್ತನೆಯ ಸಂದುಗಳಿಗೆ ಗಾಢ ವ್ಯಾಕ್ಸ್ ತುಂಬಿ ಹತ್ತಿಬಟ್ಟೆಯಿಂದ ಒರೆಸಿದಾಗ ಬಾಗಿಲಿನ ಬಳ್ಳಿಯ ಒಂದೊಂದು ಎಲೆಯೂ ಎದ್ದು ಕಾಣುತ್ತದೆ. ಆದರೆ ವ್ಯಾಕ್ಸ್ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕಾಗುವುದರಿಂದ ಕರಾವಳಿಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಬಿಸಿ ಕಾಫಿ ಲೋಟ ಇಡುವ ಮೇಜಿಗಂತೂ ನೀರು ಆಧಾರಿತ ಮ್ಯಾಟ್ ವಾರ್ನಿಷ್ ಆರಿಸಿಕೊಳ್ಳುವುದೇ ಸೂಕ್ತ.