ತೋಳಿನ ನೆರಿಗೆಯವರೆಗೂ ಹೋಗಬಹುದು: ಗೂಗಲ್ ಆರ್ಟ್ಸ್ ಆ್ಯಂಡ್ ಕಲ್ಚರ್

ನಾನು ಬಟ್ಟೆ ಹೊಲಿಯುವವಳು. ಯಾವ ಚಿತ್ರ ನೋಡಿದರೂ ನನ್ನ ಕಣ್ಣು ಮೊದಲು ತೋಳಿನ ಕಡೆ, ಕತ್ತಿನ ಕಡೆ ಹೋಗುತ್ತದೆ. ಮುಖ ಆಮೇಲೆ. ಅದಕ್ಕೇ ಇರಬೇಕು, ಮ್ಯೂಸಿಯಂಗಳ ಸಂಗ್ರಹವನ್ನು ಮನೆಯಲ್ಲೇ ಕೂತು ನೋಡಲು ಬಿಡುವ ಗೂಗಲ್‌ನ ಈ ಆ್ಯಪ್ ನನಗೆ ಇಷ್ಟೊಂದು ಹಿಡಿಸಿದ್ದು.

2011ರ ಫೆಬ್ರವರಿಯಲ್ಲಿ ಶುರುವಾದಾಗ ಇದರಲ್ಲಿ ಇದ್ದದ್ದು 17 ಮ್ಯೂಸಿಯಂಗಳು. ಈಗ 2000ಕ್ಕೂ ಹೆಚ್ಚು ಸಂಸ್ಥೆಗಳ ಸಂಗ್ರಹ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜೂಮ್. ಕೆಲವು ಚಿತ್ರಗಳನ್ನು ನೂರು ಕೋಟಿ ಪಿಕ್ಸೆಲ್‌ಗೂ ಮೀರಿದ ವಿವರದಲ್ಲಿ ತೆಗೆದಿದ್ದಾರೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಹಾನ್ಸ್ ಹೋಲ್ಬೈನ್‌ನ ‘ದಿ ಅಂಬಾಸಡರ್ಸ್’ ಅಂಥದ್ದೊಂದು. 1533ರ ಚಿತ್ರ. ಇಬ್ಬರು ಗಂಡಸರು ನಿಂತಿದ್ದಾರೆ. ಎಡಗಡೆಯವನ ಗುಲಾಬಿ ಸ್ಯಾಟಿನ್ ತೋಳನ್ನು ದೊಡ್ಡದು ಮಾಡಿ ನೋಡಿ. ಬಟ್ಟೆಯನ್ನು ಬೇಕೆಂದೇ ಅಲ್ಲಲ್ಲಿ ಸೀಳಿದ್ದಾರೆ, ಒಳಗಿನ ಬಿಳಿ ಅಂಗಿ ಹೊರಗೆ ಇಣುಕಲಿ ಅಂತ. ಆ ಕಾಲದ ಫ್ಯಾಷನ್ ಅದು. ಸ್ಯಾಟಿನ್ ಎಲ್ಲಿ ಹೊಳೆಯುತ್ತದೆ, ಮಡಿಕೆಯಲ್ಲಿ ಎಲ್ಲಿ ಕಪ್ಪಾಗುತ್ತದೆ ಅನ್ನುವುದು ದಿನಾ ಮುಟ್ಟುವವರಿಗೆ ಗೊತ್ತು. ಹೋಲ್ಬೈನ್‌ಗೆ ಅದು ಪೂರ್ತಿ ಗೊತ್ತಿತ್ತು! ಇನ್ನೂ ಹತ್ತಿರ ಹೋಗಿ, ಬಟ್ಟೆ ಮಾಯವಾಗಿ ಬರೀ ಬಣ್ಣ ಉಳಿಯುತ್ತದೆ. ಒಂಚೂರು ಹಿಂದೆ ಬಂದರೆ ಮತ್ತೆ ಸ್ಯಾಟಿನ್. ನಾನು ಇದನ್ನೇ ಎಷ್ಟು ಸಲ ಮಾಡಿದ್ದೇನೋ.

ಅದೇ ಚಿತ್ರದಲ್ಲಿ ಲ್ಯೂಟ್ ವಾದ್ಯವೂ ಇದೆ. ಅದರ ಒಂದು ತಂತಿ ಕಿತ್ತುಹೋಗಿದೆ, ಸುಮ್ನೆ ನೋಡಿದರೆ ಕಾಣುವುದೇ ಇಲ್ಲ. ಕೆಳಗಡೆ ಎಳೆದು ಉದ್ದ ಮಾಡಿದಂತೆ ಒಂದು ಆಕಾರ ಇದೆಯಲ್ವಾ? ಫೋನನ್ನು ಓರೆಯಾಗಿ ಹಿಡಿದು ಬಲಗಡೆಯ ಅಂಚಿನಿಂದ ನೋಡಿ. ತಲೆಬುರುಡೆ!

ಫ್ಯಾಷನ್‌ಗೆ ‘ವಿ ವೇರ್ ಕಲ್ಚರ್’ ಅನ್ನುವ ಬೇರೆ ವಿಭಾಗವೇ ಇದೆ. 2017ರಲ್ಲಿ ಬಂತು, 3000 ವರ್ಷಗಳ ಉಡುಪಿನ ಕಥೆ ಹೇಳುತ್ತದೆ. ಕ್ರಿನೋಲಿನ್ ಹುಡುಕಿ ನೋಡಿ. ಲಂಗ ಉಬ್ಬಿ ನಿಲ್ಲಲಿ ಅಂತ ಒಳಗೆ ಸ್ಟೀಲ್ ಬಳೆಗಳ ಪಂಜರವನ್ನೇ ಕಟ್ಟುತ್ತಿದ್ದರು. 1850ರ ದಶಕದಲ್ಲಿ ಅದು ಬಂದಾಗ ಹೆಂಗಸರಿಗೆ ಹಗುರ ಅನಿಸಿತ್ತಂತೆ, ಯಾಕೆಂದರೆ ಅದಕ್ಕೆ ಮುಂಚೆ ಒಂದರ ಮೇಲೊಂದು ಒಳಲಂಗ ಹಾಕಬೇಕಿತ್ತು. ಉಡುಪಿನ ಒಳಗಿನ ಹೊಲಿಗೆ, ಲೈನಿಂಗ್ ತೋರಿಸುವ ಫೋಟೋಗಳು ಮಾತ್ರ ನನ್ನಂಥವರಿಗೆ ಎಷ್ಟಿದ್ದರೂ ಸಾಲದು.

ಸಂಗೀತದಲ್ಲಿ ‘ಬ್ಲಾಬ್ ಒಪೆರಾ’ ಆಡಿ ನೋಡಿ. ನಾಲ್ಕು ಬಣ್ಣದ ಉಂಡೆಗಳು. ಮೇಲೆ ಎಳೆದರೆ ಸ್ವರ ಏರುತ್ತದೆ, ಮುಂದೆ ಹಿಂದೆ ಎಳೆದರೆ ಆ, ಈ, ಊ ಬದಲಾಗುತ್ತದೆ. ನಾಲ್ವರು ಒಪೆರಾ ಗಾಯಕರ ಹಾಡಿಕೆಯಿಂದ ಕಂಪ್ಯೂಟರ್ ಕಲಿತ ದನಿ ಅದು. ಒಬ್ಬರನ್ನು ಎಳೆದರೆ ಉಳಿದವರು ತಾವಾಗಿ ಜೊತೆಗೂಡುತ್ತಾರೆ.

ಸಿನಿಮಾಗೆ ಅಂತ ಇಲ್ಲಿಗೆ ಬರಬೇಡಿ. ಪಿಕಾಸೊ ಥರದ ಹತ್ತಿರದ ಕಾಲದವರ ಚಿತ್ರಗಳೂ ಇಲ್ಲಿ ಕಡಿಮೆ, ಅದಕ್ಕೆ ಕಾಪಿರೈಟ್ ಕಾರಣ. ಹಳೆಯ ಚಿತ್ರ, ಹಳೆಯ ಬಟ್ಟೆಗೆ ಮಾತ್ರ ಇದರಷ್ಟು ಒಳ್ಳೆಯದು ನಾನು ಬೇರೆ ಕಂಡಿಲ್ಲ. ಆದರೆ ಟ್ಯಾಬ್ಲೆಟ್ಟಿನಲ್ಲೋ ಕಂಪ್ಯೂಟರಿನಲ್ಲೋ ನೋಡಿ. ಫೋನಿನಲ್ಲಿ ತೋಳು ನೋಡುವಾಗ ಮನುಷ್ಯ ಎಲ್ಲಿದ್ದಾನೆ ಅನ್ನುವುದೇ ಮರೆತುಹೋಗುತ್ತದೆ.