ಸೈನ್ ವೇವ್ ಕಂಟ್ರೋಲರ್: ಅರ್ಧ ಸದ್ದು ಹೋಯಿತು, ಇನ್ನರ್ಧಕ್ಕೆ ಗ್ರೀಸ್ ಬೇಕಾಯಿತು

ಕುವೆಂಪುನಗರದಲ್ಲಿ ಬೆಳಗ್ಗೆ ಐದಕ್ಕೆ ಪೇಪರ್ ಹಾಕುವವನು ನಾನು. ಪ್ರಜಾವಾಣಿ, ಮೈಸೂರು ಮಿತ್ರ ಎಲ್ಲಾ ಸೇರಿ 110 ಮನೆ. ಮಂಡಿ ನೋವು ಜಾಸ್ತಿಯಾದ ಮೇಲೆ ಹಳೇ ಸೈಕಲ್ಲಿನ ಹಿಂದಿನ ಚಕ್ರಕ್ಕೆ 36 ವೋಲ್ಟ್, 250 ವ್ಯಾಟ್‌ನ ಗೇರ್ಡ್ ಹಬ್ ಮೋಟರ್ ಕಿಟ್ ಹಾಕಿಸಿದೆ, ಅಂದರೆ ಚಕ್ರದ ನಡುವಿನ ಹಬ್ಬಿನೊಳಗೇ ಮೋಟರ್, ಗೇರು ಎರಡೂ ಇರುವಂಥದ್ದು. ಮಂಡಿಗೆ ಆರಾಮಾಯಿತು, ಬೀದಿಗೆ ತೊಂದರೆಯಾಯಿತು. ‘ಏನಪ್ಪಾ, ರಾಗಿ ಮಿಲ್ಲು ಜೊತೇಲೇ ತರ್ತೀಯಾ?’ ಅಂತ ಒಬ್ಬರು ಅಜ್ಜಿ ಗೇಟಿನಲ್ಲೇ ಹಿಡಿದು ಕೇಳಿದರು.

ಸುಮ್ನೆ ರಸ್ತೆಯಲ್ಲಿ ಹೋಗುವವರಿಗೆ ಇದು ದೊಡ್ಡ ವಿಷಯವಲ್ಲ. ನನ್ನದು ನಿಲ್ಲಿಸು, ಹೊರಡು, ಮತ್ತೆ ನಿಲ್ಲಿಸು. ಹೊರಡುವಾಗಲೇ ‘ಗುರ್ರ್’ ಅನ್ನುವ ಸದ್ದು, ಅದೂ ಪ್ರತಿ ಮನೆ ಮುಂದೆ. ಕಿಟ್ ಮಾರಿದವರಿಗೆ ಫೋನ್ ಮಾಡಿದರೆ ‘ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ ಸಾರ್’ ಅಂದರು. ನಾಲ್ಕು ತಿಂಗಳು ಓಡಿಸಿದೆ, ಸರಿ ಹೋಗಲಿಲ್ಲ.

ಕಿಟ್ ಜೊತೆ ಬಂದ ಕಂಟ್ರೋಲರ್ (ಬ್ಯಾಟರಿಯಿಂದ ಮೋಟರಿಗೆ ಕರೆಂಟ್ ಕೊಡುವ ಡಬ್ಬಿ) ಸ್ಕ್ವೇರ್ ವೇವ್‌ನದು. ಮೋಟರಿನ ಮೂರು ದಪ್ಪ ವೈರಿಗೆ ಕರೆಂಟನ್ನು ಥಟ್ ಥಟ್ ಅಂತ ಬದಲಿಸಿ ಕೊಡುತ್ತದೆ. ಬದಲಾದಾಗಲೆಲ್ಲ ಮೋಟರಿಗೆ ಒಂದು ಸಣ್ಣ ಒದೆ ಬಿದ್ದಂತೆ. ನಿಧಾನವಾಗಿ ಹೋಗುವಾಗ, ಭಾರ ಎಳೆಯುವಾಗ ಆ ಒದೆಗಳೇ ಗುರ್ರ್ ಅನ್ನುತ್ತವೆ. ಸೈನ್ ವೇವ್‌ನದರಲ್ಲಿ ಕರೆಂಟ್ ಉಯ್ಯಾಲೆ ಥರ ನಯವಾಗಿ ಏರಿ ಇಳಿಯುತ್ತದೆ. ಎರಡು ಸಾವಿರಕ್ಕೆ ಸ್ವಲ್ಪ ಕಮ್ಮಿಗೆ ಆನ್‌ಲೈನಲ್ಲಿ ಒಂದು ತರಿಸಿದೆ.

ಕೂರಿಸಲು ಒಂದು ಭಾನುವಾರ ಹಿಡಿಯಿತು. ಹಳದಿ, ಹಸಿರು, ನೀಲಿ ದಪ್ಪ ವೈರು, ಜೊತೆಗೆ ಮೋಟರ್ ಎಲ್ಲಿಗೆ ತಿರುಗಿದೆ ಅಂತ ಹೇಳುವ ಹಾಲ್ ಸೆನ್ಸರಿನ ಐದು ಸಣ್ಣ ವೈರು. ಬಣ್ಣಕ್ಕೆ ಬಣ್ಣ ಸೇರಿಸಿದೆ. ಕಂಟ್ರೋಲರ್ ಮೋಟರಿನ ವೈರುಗಳ ಕ್ರಮವನ್ನು ತಾನೇ ಕಲಿಯಲಿ ಅಂತ ಸೆಲ್ಫ್ ಲರ್ನಿಂಗ್‌ಗೆ ಎರಡು ಬಿಳಿ ವೈರು ಕೊಟ್ಟಿರುತ್ತಾರೆ, ಅವನ್ನು ಸೇರಿಸಿದರೆ ಚಕ್ರ ತಾನೇ ತಿರುಗುತ್ತದೆ. ನನ್ನದು ಹಿಂದಕ್ಕೆ ತಿರುಗಿತು! ಗಾಬರಿ ಬೇಡ, ಬಿಚ್ಚಿ ಇನ್ನೊಮ್ಮೆ ಸೇರಿಸಿದರೆ ಮುಂದಕ್ಕೆ ತಿರುಗುತ್ತದೆ. ಆಮೇಲೆ ಆ ವೈರು ಬೇರೆ ಮಾಡಿ ಟೇಪ್ ಸುತ್ತಬೇಕು. ಹಳೇ ಡಿಸ್ಪ್ಲೇಯ ಪಿನ್ ಮಾತ್ರ ಇದಕ್ಕೆ ಹೊಂದಲಿಲ್ಲ. ಹೊಸ ಡಿಸ್ಪ್ಲೇಗೆ ಮತ್ತೆ ದುಡ್ಡು. ಮಾರುವವರು ಇದನ್ನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಸೋಮವಾರ ಬೆಳಗ್ಗೆ ಹೊರಟಾಗ ಮೋಟರ್ ಆನ್ ಆಗಿಲ್ಲ ಅಂದುಕೊಂಡೆ. ಗುರ್ರ್ ಪೂರ್ತಿ ಮಾಯ. ಶಕ್ತಿ ಒಂದು ಚೂರು ಕಮ್ಮಿ ಅನ್ನಿಸಿತು, ಪೂರ್ತಿ ಸ್ಪೀಡಿನಲ್ಲೂ ಸ್ವಲ್ಪ ಹಿಂದೆ. ನನ್ನ ಕೆಲಸಕ್ಕೆ ಅದೇನೂ ಅಡ್ಡಿಯಿಲ್ಲ. ಆದರೆ ಓಟ ಹಿಡಿದ ಮೇಲೆ ಇನ್ನೊಂದು ಸದ್ದು, ಮಿಕ್ಸಿ ಥರ ‘ವೀಂಯ್’ ಅನ್ನುವುದು, ಹಾಗೇ ಉಳಿಯಿತು.

ಅದನ್ನು ಹಿಡಿದವನು ಅಗ್ರಹಾರದ ಸೈಕಲ್ ಶಾಪಿನ ಹುಡುಗ. ಬ್ಯಾಟರಿ ತೆಗೆದ, ಸ್ಟ್ಯಾಂಡ್ ಹಾಕಿ ಚಕ್ರ ಮುಂದಕ್ಕೆ ತಿರುಗಿಸಿದ. ಸದ್ದಿಲ್ಲ. ಹಿಂದಕ್ಕೆ ತಿರುಗಿಸಿದ. ಗರಗರ ಅಂತು, ಕೈಗೂ ಬಿಗಿ. ‘ನೋಡಿ ಅಣ್ಣ, ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ ಚಕ್ರವನ್ನು ಗೇರಿನಿಂದ ಬಿಟ್ಟುಬಿಡುತ್ತೆ. ಹಿಂದಕ್ಕಾದರೆ ಗೇರೂ ತಿರುಗಬೇಕು. ಕರೆಂಟೇ ಇಲ್ಲ, ಅಂದ್ರೆ ಇದು ಗೇರಿನ ಸದ್ದು’ ಅಂದ.

ಹಬ್ಬಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಒಳಗೆ ಮೂರು ನೈಲಾನ್ ಗೇರು. ಗ್ರೀಸ್ ಒಣಗಿ ಹಳೇ ಬೆಲ್ಲದ ಹಾಗೆ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡಿತ್ತು. ಹಲ್ಲು ಸವೆದಿರಲಿಲ್ಲ, ಪುಣ್ಯ. ಹಳೇ ಬ್ರಷ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಬಿಳಿ ಗ್ರೀಸನ್ನು ತೆಳ್ಳಗೆ ಸವರಿದ. ನಾನು ಇನ್ನಷ್ಟು ಹಾಕು ಅಂದೆ. ಜಾಸ್ತಿಯಾದರೆ ಕ್ಲಚ್ಚಿಗೆ ಹೋಗಿ ಅದು ಜಾರುತ್ತದಂತೆ. ಸಡಿಲವಾಗಿದ್ದ ನಾಲ್ಕು ಕಡ್ಡಿಗಳನ್ನೂ ಬಿಗಿ ಮಾಡಿದ. ಎಲ್ಲಾ ಸೇರಿ 350 ರೂಪಾಯಿ, ಮುಕ್ಕಾಲು ಗಂಟೆ.

ಈಗ ಒಂದು ಸಣ್ಣ ಗುಂಯ್ ಇದೆ, ಫ್ಯಾನಿನಷ್ಟು. ಗೇರ್ಡ್ ಮೋಟರಿನಲ್ಲಿ ಅಷ್ಟು ಇದ್ದೇ ಇರುತ್ತದೆ. ಹೊರಡುವಾಗ ಗುರ್ರ್ ಅನ್ನುತ್ತಿದ್ದರೆ ಕಂಟ್ರೋಲರ್ ತಗೊಳ್ಳಿ, ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಟ್ ಆಗಿದ್ದು ಡಿಸ್ಪ್ಲೇ ವಿಷಯಕ್ಕೆ. ವೀಂಯ್ ಅನ್ನುತ್ತಿದ್ದರೆ ಮೊದಲು ಚಕ್ರ ಹಿಂದಕ್ಕೆ ತಿರುಗಿಸಿ ನೋಡಿ. ಆರ್ಡರ್ ಮಾಡುವ ಮುಂಚೆ ನಿಮ್ಮ ಡಿಸ್ಪ್ಲೇ ಪಿನ್ನಿನ ಫೋಟೋ ಮಾರುವವರಿಗೆ ಕಳಿಸಿ ಕೇಳುವುದು ಮರೀಬೇಡಿ.